ಅತ್ತೆ ಕಾದ ವಿಮಾನ

ಫೆಬ್ರವರಿ 9

ಐಸ್ ಫ್ಯಾಕ್ಟರಿಯವನು ಇವತ್ತು ಮತ್ತೆ ಬಂದು ಲಾಡ್ಜನ್ನು ಒಂದು ಸುತ್ತು ಹಾಕಿದ. ಗೋಡೆ ಬಡಿದು ನೋಡಿದ, ಕಿಟಕಿ ಅಲುಗಾಡಿಸಿ ನೋಡಿದ, ನನ್ನನ್ನೂ ಒಮ್ಮೆ ಮೇಲಿನಿಂದ ಕೆಳಗೆ ನೋಡಿದ. ಕೊಂಡುಕೊಂಡ ಮೇಲೆ ಒಳಗಿನ ಗೋಡೆಗಳನ್ನೆಲ್ಲ ಕೆಡವಿ ಮೀನಿನ ಗೋದಾಮು ಮಾಡುತ್ತಾನಂತೆ. "ಮೀನು ಒಳ್ಳೆ ಗಿರಾಕಿ ಸಾರ್, ಬಿಸಿನೀರು ಕೇಳಲ್ಲ" ಎಂದ. ಅವನ ಮೇಲೆ ಮೊದಲ ಬಾರಿಗೆ ಗೌರವ ಹುಟ್ಟಿತು.

ಗ್ರಂಥಾಲಯದಲ್ಲಿ 'ಸದ್ದು ಮಾಡಬೇಡಿ' ಎಂಬ ಫಲಕದ ಕೆಳಗೆ ಕೂತು ಅರ್ಧ ಆಯುಷ್ಯ ಕಳೆದವನಿಗೆ ಲಾಡ್ಜಿನ ಕೆಲಸ ಹೇಗೆ ಒಗ್ಗೀತು? ಇದು ಅಕ್ಕನ ಲಾಡ್ಜು. ಅವಳು ಹೋದ ಮೇಲೆ ನನ್ನ ತಲೆಗೆ ಬಿತ್ತು. ತಿಂಗಳ ಕೊನೆಗೆ ಮಾರಿ ಕೈತೊಳೆದುಕೊಳ್ಳುತ್ತೇನೆ. ಅಕ್ಕನ ವಿಷಯ ಇಲ್ಲಿ ಬರೆಯುವುದಿಲ್ಲ. ಬರೆಯುವಂಥದ್ದು ಏನಿದೆ?

ಇರುವ ಒಬ್ಬನೇ ಗಿರಾಕಿ ಗೊರಕೆ ಹೊಡೆಯುತ್ತಾನೆ. ಹಗಲಲ್ಲೂ.

ಫೆಬ್ರವರಿ 11

ಒಂದು ವಿಮಾನ ಕಾಣೆಯಾಗಿದೆ. ಪ್ರಯಾಣಿಕರ ವಿಮಾನ, ಜನ ತುಂಬಿದ್ದ ವಿಮಾನ. ನಮ್ಮೂರಿನ ಎದುರಿನ ಸಮುದ್ರದ ಮೇಲೆ ಸ್ವಲ್ಪ ದೂರ ಹೋಗುವವರೆಗೆ ರೇಡಾರಿನ ಪರದೆಯ ಮೇಲೆ ಚುಕ್ಕೆಯಾಗಿತ್ತಂತೆ. ಆಮೇಲೆ ಚುಕ್ಕೆಯೂ ಇಲ್ಲ. ಮೋಡವಿರಲಿಲ್ಲ, ಗಾಳಿಯಿರಲಿಲ್ಲ. ಪೈಲಟ್ ಕೊನೆಯ ಬಾರಿ ಮಾತಾಡಿದಾಗ ಎಲ್ಲ ಸರಿಯಾಗಿದೆ ಎಂದಿದ್ದನಂತೆ. ಅಷ್ಟು ದೊಡ್ಡ ವಸ್ತು, ಜೇಬಿನಿಂದ ಜಾರಿದ ಚಿಲ್ಲರೆಯ ಹಾಗೆ, ಸದ್ದಿಲ್ಲದೆ ಎಲ್ಲಿಗೆ ಹೋಯಿತು?

ಬೆಳಗಿನಿಂದ ಫೋನು ಒಂದೇ ಸಮನೆ ಹೊಡೆದುಕೊಳ್ಳುತ್ತಿದೆ. ಹುಡುಕುವವರೆಲ್ಲ ಇಲ್ಲಿಗೇ ಬರುತ್ತಾರಂತೆ. ದಡದಲ್ಲಿ ಇರುವುದು ಇದೊಂದೇ ಲಾಡ್ಜು. ನನ್ನ ಗ್ರಹಚಾರ. ಮಾರಾಟದ ಮಾತು ಮುಂದಿನ ತಿಂಗಳಿಗೆ ಎಂದು ಐಸ್ ಫ್ಯಾಕ್ಟರಿಯವನಿಗೆ ಹೇಳಿದೆ.

ಫೆಬ್ರವರಿ 12

ಗೊರಕೆಯವನು ನಿನ್ನೆಯೇ ಊರಿಗೆ ಹೊರಟುಹೋದ. ಒಂದು, ಎರಡನೇ ಕೋಣೆಗಳಲ್ಲಿ ಶೋಧ ತಂಡದ ಅಧಿಕಾರಿ ಮತ್ತು ಅವರ ಕಡೆಯವರು. ಐದರಲ್ಲಿ ಮುಳುಗಿ ಹುಡುಕುವವರು. ನಾಲ್ಕರಲ್ಲಿ ನಿವೃತ್ತ ಲೆಕ್ಕದ ಮೇಷ್ಟ್ರು. ಅವರನ್ನು ಯಾರೂ ಕರೆದಿಲ್ಲ. ಕಾಣೆಯಾದ ವಿಮಾನಗಳೆಂದರೆ ಅವರಿಗೆ ಹುಚ್ಚು. ಬಟ್ಟೆ ಒಂದು ಚೀಲ, ನಕ್ಷೆ ನಾಲ್ಕು ಚೀಲ, ಕಂಕುಳಲ್ಲಿ ಭೂಗೋಳ.

ಸಂಜೆ ಒಬ್ಬ ಹೆಂಗಸು ಬಂದಳು. ಕೋಣೆ ಖಾಲಿ ಇಲ್ಲ ಎಂದೆ. ಸೂಟ್‌ಕೇಸನ್ನು ಹೊಸ್ತಿಲ ಮೇಲೆ ಮಲಗಿಸಿ ಅದರ ಮೇಲೆ ಕೂತುಬಿಟ್ಟಳು.

"ಅಮ್ಮಾ, ಬಾಗಿಲು ಹಾಕಬೇಕು."

"ಹಾಕಪ್ಪಾ. ನನ್ನ ಕಾಲು ಸಿಕ್ಕಿಹಾಕ್ಕೊಳದ ಹಾಗೆ ನೋಡ್ಕೊಂಡು ಹಾಕು. ನನ್ನ ಅಳಿಯ ಆ ವಿಮಾನದಲ್ಲಿದ್ದಾನೆ. ಅವನು ಸಿಗೋ ತನಕ ನಾನು ಏಳಲ್ಲ."

ಮೂರನೇ ಕೋಣೆ ಅಕ್ಕನದು. ಹೋದ ವರ್ಷದಿಂದ ಬೀಗ ತೆಗೆದಿರಲಿಲ್ಲ. ಬೇರೆ ದಾರಿ ಇರಲಿಲ್ಲ, ತೆಗೆದೆ. ನಾನು ಒಳಗೆ ಹೋಗಲಿಲ್ಲ. ಬೀಗದ ಕೈ ಕೊಟ್ಟು ಬಂದೆ.

ಫೆಬ್ರವರಿ 13

ಮೂರನೇ ಕೋಣೆಯಿಂದ ದೂರುಗಳು ಶುರುವಾಗಿವೆ. ಹಾಸಿಗೆ ಗಟ್ಟಿ. ಕಿಟಕಿ ಕಿರುಗುಟ್ಟುತ್ತದೆ. ಸಮುದ್ರ ಸದ್ದು ಮಾಡುತ್ತದೆ. (ಕೊನೆಯದಕ್ಕೆ ನನ್ನ ಪೂರ್ಣ ಸಹಮತವಿದೆ.) ಚಹಾ ಒಂದು ಗುಟುಕು ಕುಡಿದು ಲೋಟವನ್ನು ಬೆಳಕಿಗೆ ಹಿಡಿದಳು.

"ಇದಕ್ಕೆ ಪುಡಿ ಹಾಕಿದ್ಯಾ, ಇಲ್ಲಾ ಪುಡಿ ಡಬ್ಬಿ ತೋರಿಸಿದ್ಯಾ?"

ಅಧಿಕಾರಿ ವಿವರ ಬರೆದುಕೊಳ್ಳಲು ಬಂದರು. ಪಾಪ, ಸಭ್ಯ ಮನುಷ್ಯ. ಪ್ರಯಾಣಿಕರ ಬಗ್ಗೆ ಏನಾದರೂ ವಿಶೇಷ ಇದೆಯೇ ಎಂದು ಕೇಳಿದರು.

"ದಾರಿ ತಪ್ಪೋದ್ರಲ್ಲಿ ಎತ್ತಿದ ಕೈ," ಎಂದಳು ಆಕೆ. "ಲಿಫ್ಟ್ ರಿಪೇರಿ ಕೆಲಸ. ಮೇಲೆ ಹೋಗೋದು ಗೊತ್ತು, ಕೆಳಗೆ ಬರೋದು ಗೊತ್ತು. ಎಡ ಬಲ ಗೊತ್ತಿಲ್ಲ. ಮದುವೆ ದಿನ ಯಾರದೋ ಮದುವೆಗೆ ಹೋಗಿ ಮುಂದಿನ ಸಾಲಲ್ಲಿ ಕೂತಿದ್ದ. ಇಲ್ಲಿ ನನ್ನ ಮಗಳು ಕಾಯ್ತಾ ಇದ್ರೆ, ಅಲ್ಲಿ ಇವನು ಹೆಣ್ಣು ಯಾಕೆ ಬದಲಾಗಿದೆ ಅಂತ ಯೋಚನೆ ಮಾಡ್ತಿದ್ದ."

"ಅಮ್ಮಾ, ವಿಮಾನ ಓಡಿಸ್ತಿದ್ದದ್ದು ಅವರಲ್ಲ."

"ಗೊತ್ತು ಕಣಪ್ಪಾ. ಆದ್ರೆ ಅವನು ಒಳಗೆ ಕೂತರೆ ಸಾಕು, ದಿನಾ ಅದೇ ರಸ್ತೇಲಿ ಓಡಾಡೋ ಬಸ್ಸಿಗೂ ದಾರಿ ತಪ್ಪತ್ತೆ. ಎಲ್ಲೋ ಇಳಿದಿರ್ತಾರೆ. ಕೇಳ್ಕೊಂಡು ಬರ್ತಾನೆ. ಸ್ವಲ್ಪ ನಿಧಾನ ಆಗತ್ತೆ, ಅಷ್ಟೇ."

ಅಧಿಕಾರಿ 'ಸಂಬಂಧ: ಅತ್ತೆ' ಎಂದಷ್ಟೇ ಬರೆದುಕೊಂಡು ಎದ್ದರು. ಮಧ್ಯಾಹ್ನದ ಹೊತ್ತಿಗೆ ಲಾಡ್ಜಿನವರೆಲ್ಲರ ಬಾಯಲ್ಲಿ ಆಕೆ ಅತ್ತೆಯೇ ಆಗಿದ್ದಳು.

ಫೆಬ್ರವರಿ 15

ಊಟದ ಮೇಜು ಈಗ ಮೇಷ್ಟ್ರ ಪಾಲಾಗಿದೆ. ಸೂಪಿನ ಪಾತ್ರೆಯ ಪಕ್ಕದಲ್ಲಿ ಭೂಗೋಳ, ಅದರ ಸುತ್ತ ದಾರ. ಮೊದಲು ಬಂದಾಗ ಅವರ ಲೆಕ್ಕದಲ್ಲಿ ವಿಮಾನ ದಕ್ಷಿಣಕ್ಕೆ ಬಿದ್ದಿತ್ತು. ನಿನ್ನೆ ಉತ್ತರಕ್ಕೆ ತಿರುಗಿತು. ಇವತ್ತು ಜನವಿಲ್ಲದ ಯಾವುದೋ ದ್ವೀಪದಲ್ಲಿ ಇಳಿದಿದೆ. ಹೀಗೇ ಬಿಟ್ಟರೆ ಭಾನುವಾರ ನಮ್ಮ ಅಂಗಳಕ್ಕೇ ಬರಬಹುದು.

ಭೂಗೋಳದ ಮೇಲೆ ಜಾಗ ತೋರಿಸಲು ಮೇಷ್ಟ್ರು ಬೆರಳಿಟ್ಟರು. ಅತ್ತೆ ಬಗ್ಗಿ ನೋಡಿದಳು.

"ಮೇಷ್ಟ್ರೇ, ಹೆಬ್ಬೆಟ್ಟು ತೆಗೀರಿ. ಅದರ ಕೆಳಗೇ ಇರಬೇಕು."

ಮುಳುಗುವವರೆಲ್ಲ ನಕ್ಕರು. ಮೇಷ್ಟ್ರೂ ನಕ್ಕರು, ಆದರೆ ಬೆರಳು ತೆಗೆಯಲಿಲ್ಲ. "ನೋಡಿಮ್ಮಾ, ದಡದ ರೇಡಾರು ಸ್ವಲ್ಪ ದೂರ ಮಾತ್ರ ನೋಡತ್ತೆ. ಅದರಾಚೆ ವಿಮಾನ ತಾನೇ ಆಗಾಗ 'ಇಲ್ಲಿದ್ದೀನಿ, ಇಲ್ಲಿದ್ದೀನಿ' ಅಂತ ಹೇಳ್ತಾ ಹೋಗಬೇಕು. ಹೇಳೋದು ನಿಲ್ಲಿಸಿದ್ರೆ ಮುಗೀತು. ಹಿಂದೆ ಹೀಗೆ ಮಾಯ ಆದ ವಿಮಾನಗಳಲ್ಲಿ ಕೆಲವದರದು ಒಂದು ಮೊಳೆ ಕೂಡ ಸಿಕ್ಕಿಲ್ಲ."

ಅತ್ತೆ ಸ್ವಲ್ಪ ಹೊತ್ತು ಸೂಪು ಕಲಕಿದಳು. "ಹಾಗಾದ್ರೆ ಪೂರ್ತಿ ಅವನ ಥರಾನೇ. ಅವನೂ ಹೋದ ಕಡೆಯಿಂದ ಫೋನ್ ಮಾಡಲ್ಲ."

ಮೌನ ನನಗೆ ಇಷ್ಟ, ಆದರೆ ಆ ಮೌನ ಹಿಡಿಸಲಿಲ್ಲ. ಹಾಗಾಗಿ ಬಾಯಿ ತೆರೆದೆ. ಗ್ರಂಥಾಲಯದಲ್ಲಿ ಕಳೆದುಹೋದ ಪುಸ್ತಕ ಅಂತ ಯಾವುದೂ ಇರುವುದಿಲ್ಲ, ತಪ್ಪು ಕಪಾಟಿನಲ್ಲಿಟ್ಟ ಪುಸ್ತಕ ಇರುತ್ತದೆ ಅಷ್ಟೇ, ಎಂದೆ.

"ಕೇಳಿಸ್ತಾ ಮೇಷ್ಟ್ರೇ? ತಪ್ಪು ಕಪಾಟು!" ಎಂದಳು ಅತ್ತೆ. ಎರಡನೇ ಬಾರಿ ಸೂಪು ಹಾಕಿಸಿಕೊಂಡಳು.

ಫೆಬ್ರವರಿ 16

ಹೊಸ ಮಾಹಿತಿ ಇಲ್ಲ. ಹೊದಿಕೆಗಳನ್ನೆಲ್ಲ ಒಗೆದೆ.

ಫೆಬ್ರವರಿ 19

ಸಂಜೆ ಊಟಕ್ಕೆ ಮೊದಲು ಅಧಿಕಾರಿ ಎದ್ದುನಿಂತು ಅಂದಿನ ವರದಿ ಹೇಳುತ್ತಾರೆ. ಇವತ್ತು "ಲಭ್ಯವಿರುವ ಎಲ್ಲ ಸಾಧನಗಳನ್ನು ಬಳಸಿಕೊಂಡು ವಿಸ್ತರಿಸಿದ ವಲಯದಲ್ಲಿ ಕೈಗೊಂಡ ಕಾರ್ಯಾಚರಣೆಯಲ್ಲಿ ಗಮನಾರ್ಹವಾದ..." ಎನ್ನುತ್ತಿದ್ದಾಗ ಅತ್ತೆ ತಡೆದಳು.

"ಸಿಕ್ಕಿಲ್ಲ ಅಂತ ಹೇಳೋಕೆ ಇಷ್ಟುದ್ದ ಬೇಕೇನಪ್ಪಾ? ಸೂಪು ಆರ್ತಿದೆ."

ಆಮೇಲೆ ನನ್ನ ಮೇಜಿನ ಫೋನಿನಿಂದ ಮಗಳಿಗೆ ಮಾತಾಡಿದಳು. ಮಗಳು ತುಂಬು ಬಸುರಿ, ಓಡಾಡುವಂತಿಲ್ಲ. ಅದಕ್ಕೇ ತಾಯಿ ಬಂದಿರುವುದು. ನಾನು ಬೀಗದ ಕೈಗಳನ್ನು ಜೋಡಿಸುವವನ ಹಾಗೆ ಅಲ್ಲೇ ನಿಂತಿದ್ದೆ.

"ಊಟ ಮಾಡಿದ್ಯಾ? ಕಾಲು ಊದಿದ್ಯಾ? ಹುಡುಕ್ತಾ ಇದ್ದಾರೆ ಕಣೇ, ನಾನು ಇಲ್ಲಿ ನಿಂತು ಹುಡುಕಿಸ್ತಾ ಇದೀನಿ. ಲಾಡ್ಜಿನವನು ಪುಸ್ತಕದ ಮನುಷ್ಯ, ತಿಳಿದೋನು. ಅವನೂ ಅದನ್ನೇ ಹೇಳ್ತಾನೆ. ಕಳೆದಿಲ್ಲ, ಬೇರೆ ಕಪಾಟಲ್ಲಿದೆ ಅಷ್ಟೇ ಅಂತ."

ನಾನು ಪುಸ್ತಕದ ವಿಷಯ ಹೇಳಿದ್ದು.

ಫೋನಿಟ್ಟು, ಮುಖ ಬೇರೆ ಕಡೆ ತಿರುಗಿಸಿ, "ಬೀಗದ ಕೈ ಹೀಗಾ ನೇತುಹಾಕೋದು?" ಎಂದು ಗದರಿ ಎಲ್ಲವನ್ನೂ ತೆಗೆದು ಮತ್ತೆ ಹಾಕಿದಳು. ಈಗ ಯಾವ ಕೈ ಯಾವ ಕೋಣೆಯದು ಎಂದು ಯಾರಿಗೂ ಗೊತ್ತಿಲ್ಲ. ಮೇಷ್ಟ್ರು ಮುಳುಗುವವರ ಕೋಣೆ ತೆರೆದು ಒಳಗೆ ಹೋಗಿ, ತಮ್ಮ ನಕ್ಷೆಗಳು ಮಾಯವಾಗಿವೆ ಎಂದು ಕೂಗಿಕೊಂಡರು.

ಫೆಬ್ರವರಿ 22

ಬೆಳಿಗ್ಗೆ ತಿಂಡಿಗೆ ಆಕೆ ಅಕ್ಕನ ನೀಲಿ ಸ್ವೆಟರ್ ಹಾಕಿಕೊಂಡು ಬಂದಳು.

"ಪೆಟ್ಟಿಗೇಲಿತ್ತು. ಚಳಿ ಆಯ್ತು, ಹಾಕ್ಕೊಂಡೆ."

ಕೇಳಬೇಕಿತ್ತು. ಯಾರದ್ದು, ಹಾಕಿಕೊಳ್ಳಬಹುದೇ ಎಂದು ಒಂದು ಮಾತು ಕೇಳಬೇಕಿತ್ತು. ಹೇಳಬೇಕೆಂದು ಎದ್ದೆ. ಮೊಳಕೈ ಹತ್ತಿರ ಹರಿದಿತ್ತು, ನನಗೆ ನೆನಪಿದೆ. ಅದನ್ನು ಅದೇ ಬಣ್ಣದ ನೂಲು ಹುಡುಕಿ ಹೊಲಿದಿದ್ದಾಳೆ.

ಬ್ರೆಡ್ ಸೀದುಹೋಗಿತ್ತು. ಇನ್ನೊಂದು ಸುಟ್ಟುಕೊಟ್ಟೆ.

ಫೆಬ್ರವರಿ 25

ದಡಕ್ಕೆ ಏನೋ ಬಂದು ಬಿದ್ದಿದೆ ಎಂದು ಬೆಳಿಗ್ಗೆ ಒಬ್ಬ ಮೀನುಗಾರ ಓಡಿಬಂದ. ಬಿಳಿಯ ತುಂಡು, ಬಾಗಿಲಿನಷ್ಟು ಅಗಲ, ಒಂದು ಅಂಚು ಬಾಗಿದೆ. ಲಾಡ್ಜಿಗೆ ಲಾಡ್ಜೇ ಎದ್ದು ಓಡಿತು. ಅಧಿಕಾರಿಯ ಒಂದು ಕೆನ್ನೆಯಲ್ಲಿ ಗಡ್ಡದ ಸಾಬೂನು. ಮೇಷ್ಟ್ರು ಅಳತೆಪಟ್ಟಿ ಬೀಸುತ್ತ, "ರೆಕ್ಕೆದು! ರೆಕ್ಕೆ ತುದೀದು!" ಎಂದು ಕಿರುಚುತ್ತ ಎಲ್ಲರಿಗಿಂತ ಮುಂದೆ.

ಅತ್ತೆ ಮರಳಿಗೆ ಇಳಿಯಲೇ ಇಲ್ಲ. ರಸ್ತೆಯಂಚಿನ ಕಲ್ಲಿನ ಹತ್ತಿರ ನಿಂತುಬಿಟ್ಟಳು.

"ನೀನು ಹೋಗಿ ನೋಡ್ಕೊಂಡು ಬಾ. ನಂಗೆ ಅಷ್ಟು ದೂರ ಕಣ್ಣು ಕಾಣಲ್ಲ."

ಸುಳ್ಳು. ಚಹಾದಲ್ಲಿ ಬಿದ್ದ ಇರುವೆಯ ಮೀಸೆ ಕಾಣುವ ಕಣ್ಣು ಅದು.

ಹೋದೆ. ಎಲ್ಲರೂ ಸುತ್ತ ನಿಂತಿದ್ದರು, ಯಾರೂ ಮುಟ್ಟುತ್ತಿರಲಿಲ್ಲ. ಮುಳುಗುವವರಲ್ಲಿ ಒಬ್ಬ ಕೈಗವಸು ಹಾಕಿಕೊಂಡು ಮೆಲ್ಲಗೆ ತಿರುಗಿಸಿದ. ಇನ್ನೊಂದು ಮಗ್ಗುಲಲ್ಲಿ ನಗುವ ಮೀನಿನ ಚಿತ್ರ, ಅದರ ಕೆಳಗೆ ನಮ್ಮ ಐಸ್ ಫ್ಯಾಕ್ಟರಿಯ ಮೊಹರು. ದೊಡ್ಡ ಐಸ್ ಪೆಟ್ಟಿಗೆಯ ಮುಚ್ಚಳ.

ನಾನು ಓಡಿದೆ. ಮರಳಿನಲ್ಲಿ ಚಪ್ಪಲಿ ಒಂದು ಕಡೆ, ನಾನು ಒಂದು ಕಡೆ. ಹತ್ತಿರ ಹೋಗುವಷ್ಟರಲ್ಲಿ ಉಸಿರೇ ಇರಲಿಲ್ಲ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಕಲ್ಲನ್ನು ಹಿಡಿದುಕೊಂಡಿದ್ದರು.

"ಐಸ್... ಐಸ್ ಪೆಟ್ಟಿಗೆ... ಮುಚ್ಚಳ, ಅತ್ತೆ."

"ಮುಚ್ಚಳಾನಾ?"

"ಮೀನು ನಗ್ತಾ ಇದೆ."

ಅತ್ತೆ ನಗಲು ಶುರುಮಾಡಿದರು. ಕಲ್ಲಿನ ಮೇಲೆ ಕೂತು ನಕ್ಕರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅದು ನಗುವೋ ಅಲ್ಲವೋ ತಿಳಿಯಲಿಲ್ಲ. ನಾನು ಪಕ್ಕದಲ್ಲಿ ಕೂತೆ. ಇನ್ನೇನು ಮಾಡಲಿ? ಕರವಸ್ತ್ರ ಕೊಟ್ಟೆ. "ಒಗೆದು ಎಷ್ಟು ದಿನ ಆಯ್ತು ಇದನ್ನ?" ಎಂದು ಕೇಳಿ, ಅದರಲ್ಲೇ ಮುಖ ಒರೆಸಿಕೊಂಡರು.

ಸಂಜೆ ಮೇಷ್ಟ್ರು ಊಟಕ್ಕೆ ಬಂದಾಗ ಕೈಯಲ್ಲಿ ದಾರವಿರಲಿಲ್ಲ. ಅತ್ತೆಯೇ ಕೇಳಿದರು: "ಇವತ್ತು ಎಲ್ಲಿದೆ ಮೇಷ್ಟ್ರೇ?"

"ನಂಗೆ ಗೊತ್ತಿಲ್ಲಮ್ಮ."

"ಲೆಕ್ಕ?"

"ಲೆಕ್ಕ ಸರಿಯಾಗೇ ಇದೆ. ಆದ್ರೂ ಗೊತ್ತಿಲ್ಲ." ಪ್ರತಿ ದಿನ ಹೊಸ ಜಾಗ ತೋರಿಸುತ್ತಿದ್ದಾಗ ಇಲ್ಲದ ಮುಖವೊಂದು ಅವರಿಗೆ ಬಂದಿತ್ತು. "ಬೆಳಿಗ್ಗೆ ರೆಕ್ಕೆ ಅಂತ ಕಿರುಚಿದೆ. ಖುಷಿಯಾಗಿ ಕಿರುಚಿದೆ. ನಿಮ್ಮ ನೆನಪೇ ಬರಲಿಲ್ಲ ನಂಗೆ. ಕ್ಷಮಿಸಿ."

ಅತ್ತೆ ಅವರ ತಟ್ಟೆಗೆ ಇನ್ನೊಂದು ಆಲೂಗಡ್ಡೆ ಹಾಕಿದರು.

ಮಾರ್ಚ್ 1

ಐಸ್ ಫ್ಯಾಕ್ಟರಿಯವನು ಮುಂಗಡ ಹಿಡಿದುಕೊಂಡು ಬಂದಿದ್ದ. ಕೊಡುವುದಿಲ್ಲ ಎಂದೆ. ಮುಚ್ಚಳಗಳನ್ನು ಸಮುದ್ರಕ್ಕೆ ಬಿಟ್ಟು ಜನರ ಜೀವ ಬಾಯಿಗೆ ತರಿಸುವ ಬೇಜವಾಬ್ದಾರಿ ಮನುಷ್ಯನಿಗೆ ಲಾಡ್ಜು ಮಾರುವುದು ಹೇಗೆ? ಬೇರೆ ಗಿರಾಕಿ ನೋಡಬೇಕು. ಅವಸರವೇನಿಲ್ಲ.

ಮೂರನೇ ಕೋಣೆಯ ಕಿಟಕಿಗೆ ಎಣ್ಣೆ ಬಿಟ್ಟೆ. ಒಳಗೆ ಹೋಗದೆ ಬಿಡಲಾಗುವುದಿಲ್ಲವಲ್ಲ, ಹೋಗಿದ್ದೆ. ಚೆನ್ನಾಗಿ ಇಟ್ಟುಕೊಂಡಿದ್ದಾರೆ.

ಮಾರ್ಚ್ 6

ಸಂಜೆ ಅಧಿಕಾರಿ ಎದ್ದುನಿಂತರು. ಕೈಯಲ್ಲಿ ಕಾಗದವಿರಲಿಲ್ಲ.

"ನಾಳೆಯಿಂದ ಹುಡುಕೋದು ನಿಲ್ಲಿಸ್ತಾ ಇದೀವಿ," ಎಂದರು. ಅಷ್ಟೇ.

ಅತ್ತೆ ಚಮಚ ಕೆಳಗಿಟ್ಟರು. "ಇವತ್ತು ಯಾಕಪ್ಪಾ ಇಷ್ಟು ಚಿಕ್ಕದಾಗಿ ಹೇಳ್ತೀಯಾ?"

ಅಧಿಕಾರಿ ನಿಂತೇ ಇದ್ದರು. ಕೂರಲು ಯಾರಾದರೂ ಹೇಳಬೇಕಿತ್ತೇನೋ. ಕೊನೆಗೆ ಅತ್ತೆಯೇ ಹೇಳಿದರು: "ಕೂತ್ಕೋ. ಊಟ ಮಾಡು."

ಮಾರ್ಚ್ 7

ಎಲ್ಲರೂ ಹೊರಟರು. ಮೇಷ್ಟ್ರು ಭೂಗೋಳವನ್ನು ಇಲ್ಲೇ ಬಿಟ್ಟರು. ಮನೆಯಲ್ಲಿ ಇಡಲು ಜಾಗವಿಲ್ಲವಂತೆ. ಅತ್ತೆ ಹೊರಡಲಿಲ್ಲ. ಹೊರಡುತ್ತೀರಾ ಎಂದು ನಾನೂ ಕೇಳಲಿಲ್ಲ. ಆದರೆ ಬೇರೆ ಒಂದು ಮಾತು ಹೇಳಲೇಬೇಕಿತ್ತು.

"ಅತ್ತೆ, ಆವತ್ತು ಕಪಾಟಿನ ಮಾತು... ಅದು ಪುಸ್ತಕಕ್ಕೆ ಹೇಳಿದ್ದು. ವಿಮಾನದ ವಿಷಯ ನಂಗೇನೂ ಗೊತ್ತಿಲ್ಲ."

"ನಂಗೇನು ಅಷ್ಟೂ ತಿಳಿಯಲ್ವಾ?" ಎಂದರು. ಸಮುದ್ರದ ಕಡೆ ನೋಡುತ್ತಿದ್ದರು. "ಆದ್ರೆ ಮಗಳಿಗೆ ಏನಾದ್ರೂ ಹೇಳಬೇಕಿತ್ತಲ್ಲ. ನಿನ್ನ ಮಾತು ಚೆನ್ನಾಗಿತ್ತು, ತಗೊಂಡೆ."

ಚಹಾ ಕೊಟ್ಟೆ. ಬಣ್ಣ ನೋಡದೆ ಕುಡಿದರು. ನನಗೆ ಗಾಬರಿಯಾಯಿತು.

ಮಾರ್ಚ್ 9

ಮಗಳಿಗೆ ನೋವು ಶುರುವಾಗಿದೆ ಎಂದು ಬೆಳಿಗ್ಗೆ ಫೋನು ಬಂತು. ಅತ್ತೆಯನ್ನು ಬಸ್ಸಿಗೆ ಹತ್ತಿಸಿ ಬಂದೆ. ಆ ಬಸ್ಸು ಅಲ್ಲಿಗೇ ಹೋಗುತ್ತದೆಯೇ ಎಂದು ಡ್ರೈವರನ್ನು ಕೇಳಿದೆ, ಕಂಡಕ್ಟರನ್ನು ಕೇಳಿದೆ, ಮತ್ತೆ ಡ್ರೈವರನ್ನೇ ಕೇಳಿದೆ. "ಬೋರ್ಡ್ ಓದಕ್ಕೆ ಬರಲ್ವಾ ಸಾರ್?" ಎಂದ. ತಲುಪಿದ ಕೂಡಲೇ ಫೋನ್ ಮಾಡಿ ಎಂದು ಅತ್ತೆಗೆ ಹೇಳಿದೆ. ಕಿಟಕಿಯ ಹೊರಗಿನಿಂದ ಇನ್ನೊಮ್ಮೆ ಹೇಳಿದೆ. ಸ್ವೆಟರ್ ಮಡಿಸಿ ಹಾಸಿಗೆಯ ಮೇಲಿಟ್ಟಿದ್ದರು. ತೆಗೆದುಕೊಂಡು ಹೋಗಿ ಅವರ ಕೈಗೇ ಕೊಟ್ಟಿದ್ದೆ.

ಮಾರ್ಚ್ 10

ಹೆಣ್ಣು ಮಗು! ಫೋನಿನಲ್ಲಿ ಮಗುವಿನ ಅಳು ಕೇಳಿಸಿದರು. ಕಿವಿ ಗುಂಯ್ ಎಂದಿತು. "ಮೂಗು ಅವನದೇ," ಎಂದರು ಅತ್ತೆ, ದೂರು ಹೇಳುವವರ ಹಾಗೆ.

ಲಾಡ್ಜು ಖಾಲಿ. ಎಷ್ಟು ನಿಶ್ಶಬ್ದ! ಎಷ್ಟು ಚೆನ್ನಾಗಿದೆ!

ಮಾರ್ಚ್ 11

ಚೆನ್ನಾಗಿದೆ.

ಮಾರ್ಚ್ 13

ಗ್ರಂಥಾಲಯದ ನಿಶ್ಶಬ್ದ ಬೇರೆ, ಇದು ಬೇರೆ. ಅಲ್ಲಿ ಯಾರಾದರೂ ಕೆಮ್ಮುತ್ತಿದ್ದರು.

ಗೊರಕೆಯವನು ಈ ಕಡೆ ಬಂದರೆ ಇಲ್ಲೇ ಉಳಿಯಲಿ ಎಂದು ಕಾಗದ ಹಾಕಿದ್ದೇನೆ.

ಮೇ 21

ನಿನ್ನೆ ಅತ್ತೆ ಬಂದರು, ಮಗಳು ಮತ್ತು ಮಗುವಿನೊಂದಿಗೆ. ಮಗಳು ಮಾತು ಕಡಿಮೆ, ತಾಯಿಗೆ ತದ್ವಿರುದ್ಧ. ದಡದಲ್ಲಿ ಬಹಳ ಹೊತ್ತು ನಿಂತಿದ್ದಳು. ಇವತ್ತು ಬೆಳಿಗ್ಗೆ ಅತ್ತೆ ಒಂದು ದೋಣಿ ಬೇಕೆಂದರು. ಚುಕ್ಕೆ ಕೊನೆಗೆ ಕಂಡ ಜಾಗ ದೋಣಿ ಹೋಗುವಷ್ಟು ಹತ್ತಿರದಲ್ಲಿಲ್ಲ ಎಂದೆ. "ಹೋದಷ್ಟು ಹೋಗೋಣ" ಎಂದರು.

ಮಗಳು ಹತ್ತಲಿಲ್ಲ. ಮಗುವನ್ನು ಭುಜಕ್ಕೆ ಹಾಕಿಕೊಂಡು, "ನಾನು ಬರಲ್ಲ ಅಮ್ಮ. ನೀನೇ ಹೋಗಿ ಬೈದು ಬಾ" ಎಂದಳು.

ಮನೆಗಳು ಬೆಂಕಿಪೊಟ್ಟಣದಷ್ಟಾಗುವವರೆಗೆ ಹೋದೆವು. ದೋಣಿಯವನು ಎಂಜಿನ್ ನಿಲ್ಲಿಸಿದ. ಅತ್ತೆ ಎದ್ದುನಿಂತರು. ನಾನು ಅವರ ಸೀರೆಯ ತುದಿ ಹಿಡಿದುಕೊಂಡೆ, ಬಿದ್ದರೆ ಕಷ್ಟ. ಇಷ್ಟು ದಿನವೂ ನಮ್ಮೆದುರು 'ಅವನು, ಅವನು' ಎನ್ನುತ್ತಿದ್ದವರು ಅಲ್ಲಿ ಬಹುವಚನದಲ್ಲಿ ಶುರುಮಾಡಿದರು.

"ಕೇಳಿಸ್ತಾ ಇದ್ಯಾ? ಮಗು ಹುಟ್ಟಿದೆ. ಹೆಣ್ಣು. ಹಾಲು ಚೆನ್ನಾಗಿ ಕುಡೀತಾಳೆ, ನಿದ್ದೆ ಮಾಡಲ್ಲ. ನೀವು ಕಟ್ಟಿಟ್ಟ ತೊಟ್ಟಿಲು ವಾಲತ್ತೆ, ಒಂದು ಕಡೆ ಕಾಗದ ಮಡಿಸಿ ಇಟ್ಟಿದೀನಿ. ಮನುಷ್ಯ ಅಂದ್ಮೇಲೆ ಹೊರಟ ಮೇಲೆ ಒಂದು ಕಡೆ ತಲುಪಬೇಕು. ಅಷ್ಟೂ ಆಗಲ್ಲ ಅಂದ್ರೆ ಹೇಗೆ? ಬರೋ ಹಾಗಿದ್ರೆ ಬನ್ನಿ, ತಡ ಆದ್ರೂ ಯಾರೂ ಏನೂ ಅನ್ನಲ್ಲ. ನಾನಂತೂ ಅನ್ನಲ್ಲ. ಬರೋಕಾಗಲ್ಲ ಅಂದ್ರೆ... ಆಗಲ್ಲ ಅಂದ್ರೆ ಯೋಚನೆ ಮಾಡ್ಬೇಡಿ. ನಾವಿದೀವಿ. ನೋಡ್ಕೋತೀವಿ."

ಕೂತರು. ದೋಣಿಯವನು ತನ್ನ ಹಗ್ಗವನ್ನೇ ನೋಡುತ್ತಿದ್ದ. ಅತ್ತೆ ನನ್ನ ಕಡೆ ತಿರುಗಿದರು.

"ನಿಂಗೂ ಯಾರನ್ನಾದ್ರೂ ಬೈಯೋದಿದ್ರೆ ಈಗಲೇ ಬೈದ್ಬಿಡು. ಮತ್ತೆ ದೋಣಿ ಹತ್ತೋಕೆ ನನ್ನ ಮಂಡಿ ಕೇಳಲ್ಲ."

"ನಂಗ್ಯಾರೂ ಇಲ್ಲ ಅತ್ತೆ," ಎಂದೆ.

"ಸ್ವೆಟರಿನೋರು?"

ಗ್ರಂಥಾಲಯದಲ್ಲಿದ್ದವನಿಗೆ ಕೂಗಿ ಅಭ್ಯಾಸವಿಲ್ಲ. ದೋಣಿಯ ಅಂಚು ಹಿಡಿದು ಎದ್ದುನಿಂತೆ. ಧ್ವನಿ ಹೊರಟಿತು, ಎಲ್ಲಿಂದಲೋ.

"ಅಕ್ಕಾ, ಭಾನುವಾರ ಫೋನಲ್ಲಿ ಟೊಮೆಟೊ ಗಿಡದ ವಿಷಯ ಮಾತಾಡಿದೆ. ಒಂದು ಗಂಟೆ ಟೊಮೆಟೊ. ಬುಧವಾರ ಆಸ್ಪತ್ರೆಯೋರು ಫೋನ್ ಮಾಡಿದ್ರು. ನಡುವೆ ಎರಡು ದಿನ ಇತ್ತಲ್ಲ, ಅಕ್ಕಾ? ಮೈ ಸರಿಯಿಲ್ಲ ಅಂತ ಒಂದು ಮಾತು ಹೇಳಿದ್ರೆ ನಾನು ಬರ್ತಿರಲಿಲ್ವಾ? ಗಿಡ ಒಣಗಿಹೋಗಿದೆ. ನಂಗೆ ಬೆಳೆಸೋಕೆ ಬರಲ್ಲ. ಲಾಡ್ಜು... ಲಾಡ್ಜು ನಡೀತಾ ಇದೆ. ನಡೆಸ್ತೀನಿ."

ಇನ್ನೂ ಏನೇನೋ ಅಂದೆ. ಎಲ್ಲ ನೆನಪಿಲ್ಲ. ಅತ್ತೆ ನನ್ನ ಅಂಗಿಯ ತುದಿ ಹಿಡಿದುಕೊಂಡಿದ್ದರು.

ದಡಕ್ಕೆ ಬಂದಾಗ ಮಗಳು ನೀರಿನ ಅಂಚಿಗೇ ಇಳಿದು ನಿಂತಿದ್ದಳು. ಮಗು ಎದ್ದಿತ್ತು.

"ಬೈದ್ಯಾಮ್ಮ?"

"ಬೈದೆ. ಚೆನ್ನಾಗಿ ಬೈದೆ."

"ಏನಂದ್ರು ಅವರು?"

ಅತ್ತೆ ಮಗುವನ್ನು ಎತ್ತಿಕೊಂಡು, ಅದರ ಮೂಗಿನ ಮೇಲಿದ್ದ ನೀರಿನ ಹನಿಯನ್ನು ಸೆರಗಿನಲ್ಲಿ ಒರೆಸಿದರು.

"ಏನಂತಾರೆ? ಎಂದಿನ ಹಾಗೇ. ತಿರುಗಿ ಒಂದು ಮಾತಾಡಲ್ಲ."